ಬಿಸಿಲು ರಿಪೇರಿಯವರ ಹನ್ನೊಂದು ವರ್ಷ

ನನ್ನ ಯಜಮಾನರು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದರು. ಹೋಗಿ ಏಳು ತಿಂಗಳಾಯಿತು. ಅಂಗಡಿಗೆ ಬೀಗ ಹಾಕಿದ್ದೇನೆ, ಎಣ್ಣೆ ಡಬ್ಬಿ ಇನ್ನೂ ಮೇಜಿನ ಮೇಲೇ ಇದೆ.

ಬೀದಿಯವರು ಅವರನ್ನು ಕರೆಯುತ್ತಿದ್ದದ್ದು 'ಬಿಸಿಲು ರಿಪೇರಿ' ಎಂದು. ದಿನಾ ಬೆಳಿಗ್ಗೆ ಹತ್ತಕ್ಕೆ ಶಟರ್ ಅರ್ಧ ಎಳೆದು ಮಹಡಿ ಹತ್ತುತ್ತಿದ್ದರು. ಅಲ್ಲಿ ದುರ್ಬೀನು ಹೂಡಿ, ಸೂರ್ಯನ ಮೇಲಿನ ಕಲೆಗಳನ್ನು ಕಾಗದದ ಮೇಲೆ ಗುರುತು ಮಾಡಿ ಇಳಿಯುತ್ತಿದ್ದರು. ಗಿರಾಕಿ ನಿಂತಿದ್ದರೆ ನಿಂತಿರಲಿ. ನಾನು ಬೈದದ್ದೂ ಉಂಟು.

ಯಾವುದೋ ಶಾಲೆಯವರು ಗುಜರಿಗೆ ಹಾಕಿದ್ದ ದುರ್ಬೀನು ಅದು. ತಿರುಪಿನ ಹಲ್ಲು ಸವೆದಿತ್ತು. ಹಳೇ ಮಿಷನ್ನಿನ ತಿರುಪು ಹಾಕಿ ಸರಿಮಾಡಿದರು. ಅದರೊಳಗೆ ಕಣ್ಣಿಟ್ಟು ಸೂರ್ಯನನ್ನು ಯಾರೂ ನೋಡುವ ಹಾಗಿರಲಿಲ್ಲ, ಅವರೂ ನೋಡಲಿಲ್ಲ. ದಿಕ್ಕು ಹಿಡಿಯುವುದಕ್ಕೂ ಕಣ್ಣು ಬೇಕಿರಲಿಲ್ಲ. ನೆಲದ ಮೇಲೆ ಬಿದ್ದ ಕೊಳವೆಯ ನೆರಳು ಕುಗ್ಗಿ ಕುಗ್ಗಿ ಗುಂಡಗಾಗುವವರೆಗೆ ತಿರುಗಿಸಿದರೆ ಸಾಕು. ಹಲಗೆಗೆ ಸಿಕ್ಕಿಸಿದ ಬಿಳಿ ಕಾಗದದ ಮೇಲೆ ಅಂಗೈಯಗಲ ಸೂರ್ಯ ಬಂದು ಕೂರುತ್ತಿದ್ದ. ಅವನ ಮೇಲೆ ಎಳ್ಳಿನಷ್ಟಷ್ಟೇ ಕಪ್ಪು ಕಲೆ. ಪೆನ್ಸಿಲಿನಿಂದ ಅದರ ಮೇಲೇ ಗುರುತು.

ಒಮ್ಮೆ ಪಕ್ಕದ ಕಟಿಂಗ್ ಶಾಪಿನವನು ಕಪ್ಪು ಕನ್ನಡಕ ಏರಿಸಿಕೊಂಡು ಮಹಡಿಗೆ ಬಂದ.

"ಒಂದೇ ಒಂದ್ಸಲ ಇಣುಕ್ತೀನಣ್ಣ. ಕನ್ನಡಕ ಇದೆಯಲ್ಲ."

"ಅದು ನಿನ್ನ ಮೂತಿಯ ಅಂದಕ್ಕೆ. ತಡಿ."

ಕಣ್ಣಿಡುವ ಜಾಗದ ಮುಂದೆ ಕರೀ ಬಟ್ಟೆಯ ಚೂರು ಹಿಡಿದರು. ನೋಡುನೋಡುತ್ತಲೇ ಹೊಗೆ ಎದ್ದು ತೂತು ಬಿತ್ತು.

"ಮಿಷನ್ ಸೂಜಿ ಮುರಿದ್ರೆ ಬೇರೆ ಹಾಕ್ತೀನಿ. ಕಣ್ಣಿಗೆ ಸ್ಪೇರ್ ಪಾರ್ಟ್ ಎಲ್ಲಿಂದ ತರ್ಲಿ?"

"ಬೇಡಪ್ಪಾ ಬೇಡ! ಕುರುಡನ ಕತ್ತಿಗೆ ಯಾರು ಕೆನ್ನೆ ಕೊಡ್ತಾರೆ?" ಎಂದು ಅವನೂ ಕಾಗದದ ಮೇಲೇ ನೋಡಿದ. ಆಮೇಲೆ ತನ್ನ ಗಿರಾಕಿಗಳಿಗೆಲ್ಲ ಅವನೇ ಬುದ್ಧಿ ಹೇಳುತ್ತಿದ್ದ.

ಸೂರ್ಯನ ಕಲೆಗಳು ಏರಿ ಇಳಿದು ಒಂದು ಸುತ್ತು ಬರಲು ಹೆಚ್ಚುಕಡಿಮೆ ಹನ್ನೊಂದು ವರ್ಷ ಬೇಕಂತೆ. ಅಷ್ಟೂ ದಿನ ಬಿಡದೆ ಬರೆಯಬೇಕೆಂಬುದು ಅವರ ಹಟ. ಮೋಡ ಕವಿದರೆ 'ಮೋಡ' ಎಂದು ಬರೆಯುವುದು. ಕಲೆ ಇಲ್ಲದಿದ್ದರೆ ಬರೀ ಸುತ್ತು. ವರ್ಷದ ಹಾಳೆಗಳನ್ನು ದಾರ ಹಾಕಿ ಒಂದು ಪುಸ್ತಕ ಮಾಡುವುದು. ಹಾಗೆ ಕಡಿಯದೆ ಮುಗಿಸಿದ ಪುಸ್ತಕಗಳನ್ನು ಆಕಾಶ ನೋಡುವ ಸಂಘದವರು ತಮ್ಮ ಕಪಾಟಿನಲ್ಲಿ ಕಾಯಂ ಇಡುತ್ತಾರೆ. ನಡುವೆ ಕಡಿದರೆ ಇಲ್ಲ.

ಹತ್ತು ವರ್ಷ ಹತ್ತು ತಿಂಗಳಾದಾಗ ಅವರು ಹಾಸಿಗೆ ಹಿಡಿದರು.

"ಇನ್ನು ನೀನು ಮಹಡಿ ಹತ್ತು," ಎಂದರು.

"ನನಗೇನು ಬರುತ್ತೆ? ಕಾಜಾ ಹಾಕೋಳು ನಾನು."

"ಕಾಜಾ ಹಾಕೋರ ಕಣ್ಣೇ ಬೇಕಾಗಿರೋದು. ಹೋಗು, ಹೊತ್ತಾಯ್ತು."

ಶರಟಿನ ಗುಂಡಿಗೆ ತೂತು ಹೊಲಿಯುವುದು ನನ್ನ ಮೂವತ್ತು ವರ್ಷದ ಕೆಲಸ. ಹತ್ತಿದೆ. ಅವರು ಎಡಚರು, ಕೊಳವೆ ಬಲಕ್ಕೆ ಬರುವಂತೆ ಹಲಗೆ ಕಟ್ಟಿದ್ದರು. ಅವರ ಸ್ಟೂಲಿನಲ್ಲಿ ಕುಳಿತರೆ ನನ್ನ ಬಲಗೈ ಕೊಳವೆಗೆ ತಾಗಿ ಸೂರ್ಯ ಕುಣಿಯುತ್ತಿದ್ದ. ಅದಕ್ಕೆ ಹಲಗೆಯ ಎದುರು ಬದಿಗೆ ಕುಳಿತೆ. ತಾರೀಕು ಬರೆಯಬೇಕಲ್ಲ, ಕಾಗದವನ್ನೂ ನನ್ನ ಕಡೆಗೆ ತಿರುಗಿಸಿ ಸಿಕ್ಕಿಸಿದೆ. ಅವರಿಗೆ ಕಣ್ಣು ಮಂಜಾಗಿತ್ತು. ಎಷ್ಟು ಎಂದು ಕೇಳುತ್ತಿದ್ದರು. ಎರಡು ಅನ್ನುತ್ತಿದ್ದೆ, ಐದು ಅನ್ನುತ್ತಿದ್ದೆ. ಅಷ್ಟಕ್ಕೇ ಮುಖ ಅರಳುತ್ತಿತ್ತು.

ಇಪ್ಪತ್ತಾರನೆಯ ದಿನ ಬೆಳಗಿನ ಜಾವ ಹೋದರು. ಹತ್ತಕ್ಕೆ ಬಿಸಿಲಿತ್ತು. ಮಹಡಿ ಹತ್ತಿದೆ. ಅವರ ಅಕ್ಕ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು:

"ತಲೆ ನೆಟ್ಟಗಿದೆಯೇನೇ ನಿಂಗೆ? ಮನೆ ತುಂಬ ಜನ, ನೀನು ಬಿಸಿಲು ಕಾಯಿಸ್ಕೊಂಡು ಕೂತಿದ್ದೀಯಲ್ಲ!"

"ನಿಮ್ಮ ತಮ್ಮ ಹೇಳಿದ ಕೆಲಸ ಅಕ್ಕಾ. ಹತ್ತು ನಿಮಿಷ."

ಅವತ್ತು ನಾಲ್ಕು ಕಲೆ. ಗೆರೆ ಅಲುಗಿಲ್ಲ, ಯಾರು ಬೇಕಾದರೂ ನೋಡಬಹುದು. ಉಳಿದ ದಿನಗಳನ್ನೂ ಬಿಡದೆ ಮುಗಿಸಿದೆ.

ಪುಸ್ತಕಗಳನ್ನೆಲ್ಲ ಚೀಲದಲ್ಲಿ ಹೊತ್ತು ಸಂಘಕ್ಕೆ ಹೋದೆ. ಅಲ್ಲಿನ ಕಾರ್ಯದರ್ಶಿ ಕಾಲೇಜು ಮೇಷ್ಟ್ರು. ಮೇಜಿನ ಮುಂದೆ ಕುಳಿತು ಒಂದೊಂದೇ ಪುಸ್ತಕ ತಿರುವಿ, ಕೊನೆಯದಕ್ಕೆ ಬಂದು ನಿಂತರು.

"ಇಲ್ಲಿಂದ ಕೈ ಬೇರೆ ಅಮ್ಮಾ."

"ಹೌದು, ನನ್ನದು."

"ಅದಕ್ಕೆ ಅಡ್ಡಿಯಿಲ್ಲ. ಒಬ್ಬರು ಬಿಟ್ಟದ್ದನ್ನ ಇನ್ನೊಬ್ಬರು ನಡೆಸಬಹುದು. ಆದ್ರೆ ಸೂರ್ಯ ತಿರುಗೋದು ಒಂದೇ ಕಡೆಗೆ. ಯಜಮಾನರ ಹಾಳೆಗಳಲ್ಲಿ ಕಲೆಗಳು ದಿನದಿಂದ ದಿನಕ್ಕೆ ಎಡದಿಂದ ಬಲಕ್ಕೆ ಸರಿದಿವೆ. ನಿಮ್ಮದ್ರಲ್ಲಿ ಬಲದಿಂದ ಎಡಕ್ಕೆ. ಸೂರ್ಯ ಹಿಮ್ಮುಖವಾಗಿ ನಡೆದ ಹಾಗಿದೆ. ಇದನ್ನ ಸೇರಿಸೋಕಾಗಲ್ಲಮ್ಮ."

ಅಂದರೆ ಎರಡು ತಿಂಗಳು ಕಡಿಮೆ. ಅದೂ ನನ್ನ ಕೈಯಿಂದ.

"ಕಂಡದ್ದನ್ನೇ ಬರೆದಿದ್ದೀನಿ ಸಾರ್. ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ."

"ನೀವು ಸುಳ್ಳು ಬರೆದಿದ್ದೀರಿ ಅಂತಲ್ಲ. ಎಲ್ಲೋ ತಪ್ಪಾಗಿದೆ."

ಅವರ ಕೊನೆಯ ಹಾಳೆಯನ್ನೂ ನನ್ನ ಮೊದಲ ಹಾಳೆಯನ್ನೂ ದಾರ ಬಿಚ್ಚಿ ತೆಗೆದು ಮೇಜಿನ ಮೇಲೆ ಹರಡಿದೆ. ಹಿಂದಿನ ದಿನ, ಮರುದಿನ. ಶರಟಿನ ಎರಡು ಪಟ್ಟಿ ಜೋಡಿಸಿ ಗುಂಡಿಗೆ ಕಾಜಾ ಸರಿ ಬಂತೇ ಎಂದು ನೋಡುತ್ತೇವಲ್ಲ, ಹಾಗೆ ನೋಡಿದೆ. ಕಲೆಯ ಗಾತ್ರ ಹೊಂದುತ್ತದೆ, ಜಾಗ ಹೊಂದುವುದಿಲ್ಲ. ಆಗ ಹೊಳೆಯಿತು.

"ನೀವು ಅಲ್ಲೇ ಕೂತಿರಿ ಸಾರ್. ಅದು ಅವರು ಕೂರ್ತಿದ್ದ ಕಡೆ. ನಾನಿದ್ದದ್ದು ಇಲ್ಲಿ."

ಮೇಜು ಸುತ್ತಿ ಎದುರು ಬದಿಗೆ ಹೋಗಿ ನಿಂತೆ. ನನ್ನ ಹಾಳೆಯ ತಾರೀಕು ನನ್ನ ಕಡೆಗೆ ನೆಟ್ಟಗೆ ಕಾಣುವಂತೆ ತಿರುಗಿಸಿದೆ. ಮೇಷ್ಟ್ರ ಕಡೆಯಿಂದ ತಾರೀಕು ತಲೆಕೆಳಗು, ಆದರೆ ಕಲೆಗಳು ಹಿಂದಿನ ದಿನದ ಜಾಗಕ್ಕಿಂತ ಒಂದು ಬೆರಳಿನಷ್ಟು ಬಲಕ್ಕೆ ಸರಿದು ಕುಳಿತಿದ್ದವು.

ಮೇಷ್ಟ್ರು ಪೂರ್ತಿ ಎರಡು ತಿಂಗಳ ಹಾಳೆಗಳನ್ನೂ ತಿರುಗಿಸಿ ನೋಡಿದರು. ಗಂಟೆ ಹಿಡಿಯಿತು. ನಾನು ನಿಂತೇ ಇದ್ದೆ. ಕೊನೆಗೆ ಕನ್ನಡಕ ತೆಗೆದು ನಕ್ಕರು.

"ಸೂರ್ಯ ನೆಟ್ಟಗಿದ್ದಾನಮ್ಮ. ತಾರೀಕು ಶೀರ್ಷಾಸನ ಹಾಕಿದೆ, ಅಷ್ಟೇ."

ಅವರ ದಪ್ಪ ಪುಸ್ತಕದಲ್ಲಿ ಬರೆದರು: ನಾಲ್ಕು ಸಾವಿರದ ಹದಿನೆಂಟು ದಿನ. ನಡುವೆ ಬಿಟ್ಟದ್ದು: ಇಲ್ಲ. ಹೊಲಿಗೆ ಮಿಷನ್ ರಿಪೇರಿಯವರ ಹೆಸರು ಇಬ್ಬರು ಪ್ರೊಫೆಸರುಗಳ ಹೆಸರಿನ ಪಕ್ಕದಲ್ಲಿ ಬಂತು. ನಾನು ಎರಡು ಸಲ ಓದಿದೆ.

"ನಿಮ್ಮ ಹೆಸರೂ ಬೇಕಲ್ಲ. ಯಜಮಾನರ ಕೆಳಗೆ ಹಾಕ್ಲಾ?"

"ಕೆಳಗೇ ಹಾಕಿ," ಎಂದೆ. "ಆದ್ರೆ ಅಕ್ಷರ ಚಿಕ್ಕದು ಮಾಡ್ಬೇಡಿ."