ಹೆಸರು ಆಮೇಲೆ

ಚಿಂತಾಮಣಿಯ ಕಾಲೇಜಿನ ತತ್ವಶಾಸ್ತ್ರದ ತರಗತಿಯಲ್ಲಿ ಇದ್ದದ್ದು ಮೂವರೇ: ನಾನು, ಶಿಡ್ಲಘಟ್ಟದಲ್ಲಿ ರೇಷ್ಮೆನೂಲು ಬಿಚ್ಚುವವರ ಮನೆಯ ಹುಡುಗಿಯೊಬ್ಬಳು, ಮತ್ತೆ ನಮ್ಮ ಮೇಷ್ಟ್ರು. ಅವರು ಆಯುಷ್ಯವನ್ನೆಲ್ಲ ಯೂರೋಪಿನ ಫಿನಾಮಿನಾಲಜಿಗೆ ಕೊಟ್ಟವರು. ಯಾವುದನ್ನೇ ಆಗಲಿ ಅದು ತೋರಿದಂತೆಯೇ ಕಾಣಬೇಕೆಂಬುದು ಅದರ ಪಾಠ. ಒಂದು ದಿನ ಮೇಜಿನ ಮೇಲೆ ರೇಷ್ಮೆಗೂಡೊಂದನ್ನು ಇಟ್ಟು, "ಏನು ಕಾಣ್ಸುತ್ತೆ?" ಎಂದರು.

"ಗೂಡು ಸಾರ್. ನೂಲಿಗಂತ ದಿನಾ ಬೇಯ್ಸೋರಿಗೆ ಗೊತ್ತಾಗಲ್ವಾ?" ಎಂದು ಅವಳು ನಕ್ಕಳು.

"ಹೆಸ್ರು ಆಮೇಲಮ್ಮ. ಮೊದ್ಲು ನೋಡು."

ಅವಳು ಬಹಳ ಹೊತ್ತು ನೋಡಿದಳು. "ಒಳಗೆ ಯಾರೋ ಇದಾರೆ ಸಾರ್," ಎಂದಳು ಮೆಲ್ಲಗೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಎಷ್ಟೋ ವರ್ಷಗಳ ಮೇಲೆ ಅವರಿಗೆ ಲಕ್ವ ಹೊಡೆದು ಹೆಸರುಗಳೆಲ್ಲ ಮರೆತುಹೋದವು. ನೋಡಲು ಹೋದ ನಮ್ಮಿಬ್ಬರ ಹೆಸರಿಗಾಗಿ ತಡಕಾಡಿ, ಸಿಗದೆ, ಅಳತೊಡಗಿದರು.

ಅವಳು ಅವರ ಕೈ ಹಿಡಿದುಕೊಂಡು, "ಹೆಸ್ರು ಆಮೇಲೆ ಸಾರ್. ಮೊದ್ಲು ನೋಡಿ," ಎಂದಳು.

ಅವರು ಅಳು ನಿಲ್ಲಿಸಿ ನಮ್ಮನ್ನೇ ನೋಡುತ್ತ ಕೂತರು.