ಪೀಪಿ ಇಲ್ಲದ ಶಹನಾಯಿ

೧೯೮೯ರ ಮೇ ತಿಂಗಳಲ್ಲಿ, ಹೊನ್ನಾಳಿಯ ಒಂದು ಮದುವೆಯಲ್ಲಿ, ನ್ಯಾಮತಿಯ ತಿಪ್ಪಣ್ಣನವರು ಪೀಪಿ ಇಲ್ಲದ ಶಹನಾಯಿ ಹಿಡಿದು ಕುಳಿತಿದ್ದರು. ಮಂಗಳವಾದ್ಯ ಟೇಪ್ ರೆಕಾರ್ಡರಿನಿಂದ ಬರುತ್ತಿತ್ತು. ಓಲಗದವರಿಲ್ಲದೆ ತಾಳಿ ಕಟ್ಟುವುದು ಆ ಮನೆತನದ ರೂಢಿಯಲ್ಲ, ಹಾಗಾಗಿ ಕರೆಸಿದ್ದರು. ಅವರ ಎಂಜಲಿಗೆ ಹೆದರಿದ್ದರು, ಹಾಗಾಗಿ ಊದಬೇಡ ಎಂದಿದ್ದರು.

ತಿಪ್ಪಣ್ಣನವರನ್ನು ಬಲ್ಲವರಿಗೆ ಮೊದಲು ನೆನಪಾಗುವುದು ಅವರ ಎಡಗೆನ್ನೆ. ಅದರೊಳಗೆ ಸದಾ ಒಂದು ಪೀಪಿ ಇರುತ್ತಿತ್ತು. ಶಹನಾಯಿಯ ತುದಿಗೆ ಸಿಕ್ಕಿಸುವ ಆ ಸಣ್ಣ ತಾಳೆಗರಿ ಒಣಗಿದರೆ ಸ್ವರ ಹೊರಡುವುದಿಲ್ಲ. ಬಾಯಲ್ಲಿ ನೆನೆದು ಮೆತ್ತಗಾಗಬೇಕು. ಹಾಗಾಗಿ ಬಸ್ಸಿನಲ್ಲಿರಲಿ, ಹೋಟೆಲಿನಲ್ಲಿರಲಿ, ಅವರ ಮಾತೆಲ್ಲ ಬಾಯಿಯ ಬಲಗಡೆಯಿಂದ. ಚಹಾ ಬಂದಾಗ ಮಾತ್ರ ಪೀಪಿ ಕಿವಿಯ ಮೇಲೇರುತ್ತಿತ್ತು. ಉಳಿದ ಪೀಪಿಗಳು ದಾರದಲ್ಲಿ ಶಹನಾಯಿಗೆ ತೂಗುತ್ತಿದ್ದವು.

ಎಪ್ಪತ್ತರ ದಶಕದಲ್ಲಿ ಚನ್ನಗಿರಿ, ಹೊನ್ನಾಳಿ ಕಡೆಯ ಮದುವೆಗಳಿಗೆ ಅವರದೇ ಓಲಗ. ಊಟಕ್ಕೆ ಮಾತ್ರ ಅವರ ಎಲೆ ಚಪ್ಪರದ ಹೊರಗೆ. ಅದನ್ನು ಅವರು ನುಂಗಿಕೊಂಡವರಲ್ಲ. ಬಡಿಸಲು ಬಂದವರಿಗೆ ಕೇಳುವಂತೆಯೇ ಅನ್ನುತ್ತಿದ್ದರು: "ನನ್ನ ಎಂಜಲು ನಿಮ್ಮ ಕಿವಿಗೆ ಆಗ್ತೈತೆ, ಎಲಿ ಪಕ್ಕ ಆಗಲ್ಲ."

೧೯೮೬ರಲ್ಲಿ ಅವರಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಗ ಏರಿಸಿದ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. ಮೂರು ವರ್ಷದ ನಂತರ ಜ್ವರ ಬಿಡದೆ ಇನ್ನೊಂದು ಆಸ್ಪತ್ರೆಗೆ ಹೋದಾಗ, ಅಲ್ಲಿಯವರು ಅವರ ರಕ್ತ ತೆಗೆದು ಕಳಿಸಿದರು. ಏಡ್ಸ್ ವೈರಸ್ ಇದೆ ಎಂದು ಗೊತ್ತಾಯಿತು. ಅವರೊಬ್ಬರಿಗೇ ಹೇಳಬೇಕಾದ ಮಾತು ಅದು. ಅವರು ನ್ಯಾಮತಿಯಲ್ಲಿ ಬಸ್ಸಿಳಿಯುವ ಮೊದಲೇ ಊರಿಗೆ ಬಂದಿತ್ತು. ಹೊರಗೆ ಬಿಟ್ಟವರು ಯಾರೆಂದು ಯಾರೂ ವಿಚಾರಿಸಲಿಲ್ಲ. ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ತಪ್ಪಿದವು. ಶಹನಾಯಿ ಊದಿದರೆ ಎಂಜಲು ಹಾರಿ ಪಂಕ್ತಿಯ ಎಲೆಗೆ ಬೀಳುತ್ತದೆ ಎಂಬುದು ಕಾರಣ.

ನಾನಾಗ ಹೊನ್ನಾಳಿಯಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಚನ್ನಗಿರಿಯಲ್ಲಿ ವಿಮಲಾ ಎಂಬ ವೈದ್ಯೆ ಪರಿಚಯದವರು. ತಿಪ್ಪಣ್ಣನವರನ್ನು ಅವರಲ್ಲಿಗೆ ಕರೆದೊಯ್ದೆ. ರಕ್ತದಿಂದ, ವೀರ್ಯದಿಂದ, ತಾಯಿಯಿಂದ ಮಗುವಿಗೆ ಇದು ಹರಡುತ್ತದೆ. ಎಂಜಲು, ಬೆವರು, ಉಸಿರಿನಿಂದ ಅಲ್ಲ ಎಂದು ಅವರು ಬಿಡಿಸಿ ಹೇಳಿದರು. ಒಂದೇ ಮೈಯಲ್ಲಿದ್ದ ಮೇಲೆ ಎಲ್ಲಾ ಕಡೆ ಇರಬೇಕಲ್ಲ ಎಂದು ತಿಪ್ಪಣ್ಣ ಕೇಳಿದರು. ಎಂಜಲಿನಲ್ಲಿ ಸಿಕ್ಕರೂ ಅತ್ಯಲ್ಪ, ಹರಡುವಷ್ಟು ಇರುವುದಿಲ್ಲ ಎಂದರು ವೈದ್ಯೆ. ಅಷ್ಟೇ ಅಲ್ಲ, ಈ ವೈರಸ್ಸು ಮೈಯೊಳಗೇ ರೂಪ ಬದಲಿಸುತ್ತಾ ಹೋಗುತ್ತದೆ. ಒಬ್ಬನೇ ರೋಗಿಯ ರಕ್ತದಲ್ಲಿ ಸಿಕ್ಕಿದ್ದಕ್ಕೂ ಮಿದುಳಿನ ಸುತ್ತಲಿನ ನೀರಿನಲ್ಲಿ ಸಿಕ್ಕಿದ್ದಕ್ಕೂ ಸಂಶೋಧಕರು ವ್ಯತ್ಯಾಸ ಕಂಡಿದ್ದಾರೆ ಎಂದೂ ಹೇಳಿದರು.

ತಿಪ್ಪಣ್ಣ ಪೀಪಿಯನ್ನು ಬಲಗೆನ್ನೆಗೆ ಸರಿಸಿದರು. "ಅಂದ್ರೆ ಡಾಕ್ಟ್ರಮ್ಮಾ, ಒಂದೇ ಮೈಯಾಗೆ ಅವೂ ಕೇರಿ ಬ್ಯಾರೆ ಮಾಡ್ಕೊಂಡಾವೆ. ನಮ್ಮೂರ ನೀರು ಕುಡಿದಾವೆ ಬಿಡ್ರಿ."

ವೈದ್ಯೆ ನಕ್ಕರು. ಬೇರೆಯಾದರೂ ಎಲ್ಲ ಒಂದೇ ಬಳಗ ಎಂದರು.

"ಅದನ್ನ ನಮ್ಮೂರೋರಿಗೂ ಹೇಳಾಕೆ ಹೋಗಿ ಸಾಕಾಗೈತ್ರಿ."

ವೈದ್ಯೆಯ ಮಾತು ಪತ್ರಿಕೆಯಲ್ಲಿ ಬಂತು. ಹೊನ್ನಾಳಿಯ ಮಂಡಿ ಮಾಲೀಕರೊಬ್ಬರು ಅದನ್ನು ಓದಿಯೇ ಮಗಳ ಮದುವೆಗೆ ತಿಪ್ಪಣ್ಣನವರನ್ನು ಕರೆದರು, ಊದಬಾರದೆಂಬ ಷರತ್ತಿನ ಮೇಲೆ. ಓದಿದ ಮೇಲೂ ಹೀಗೇಕೆ ಎಂದು ನಾನು ಕೇಳಿದೆ. "ಬರಿಯೋರು ನೀವು. ಊಟಕ್ಕೆ ಕುಂದ್ರೋರು ನಮ್ಮ ನೆಂಟ್ರು" ಎಂದರು.

ತಿಪ್ಪಣ್ಣ ಯಾಕೆ ಒಪ್ಪಿದರೆಂದೂ ಕೇಳಿದೆ. "ಒಂದ್ಸಲ ನನ್ನ ಪಕ್ಕ ಕುಂತು ಎದ್ದು ಹೋಗ್ಲಿ. ಯಾರಿಗೂ ಏನೂ ಆಗಲ್ಲ. ಮುಂದಿನ ಮದುವಿಗೆ ಊದಾಕೆ ಕರೀತಾರೆ."

ಚಪ್ಪರದ ಬಾಗಿಲಲ್ಲೇ ಮನೆಯವರು ದಾರ ಸಮೇತ ಎಲ್ಲ ಪೀಪಿಗಳನ್ನೂ ಬಿಚ್ಚಿಸಿದರು. ಕೆನ್ನೆಯೊಳಗಿನದನ್ನು ಮುತ್ತುಗದ ಎಲೆಯ ಮೇಲೆ ಉಗುಳಿಸಿಕೊಂಡರು. ಎಲ್ಲವನ್ನೂ ಮುಟ್ಟದೆ ಕಡ್ಡಿಯಿಂದ ತಳ್ಳಿ ಅಡುಗೆಯ ಒಲೆಗೆ ಹಾಕಿದರು. ಅದೇ ಒಲೆಯ ಮೇಲೆ ಮದುವೆಯ ಅನ್ನ ಬೇಯುತ್ತಿತ್ತು. ಫೋಟೋದವನು ಬಂದು ಶಹನಾಯಿಯನ್ನು ಬಾಯಿಗಿಟ್ಟಂತೆ ಹಿಡಿಸಿ ಚಿತ್ರ ತೆಗೆದ.

ಮುಹೂರ್ತದ ಹೊತ್ತಿಗೆ ಕರೆಂಟು ಹೋಯಿತು. ಟೇಪು ಎಳೆದಾಡಿ ನಿಂತಿತು. ಮದುಮಗನ ಕೈಯಲ್ಲಿ ತಾಳಿ ಇತ್ತು. ಮಾಲೀಕರು ತಿಪ್ಪಣ್ಣನವರ ಕಡೆ ತಿರುಗಿದರು.

"ಊದೋ, ಊದೋ. ಹೊತ್ತು ಮೀರ್ತೈತೆ."

ತಿಪ್ಪಣ್ಣ ಕುಳಿತಲ್ಲಿಂದ ಏಳಲಿಲ್ಲ. ಅಂದು ಅವರ ಮಾತು ಇಡೀ ಬಾಯಿಂದ ಬಂತು. "ಪೀಪಿ ನಿಮ್ಮ ಒಲ್ಯಾಗೆ ಐತ್ರೀ, ಯಜಮಾನ್ರೇ."

ತಾಳಿ ಕಟ್ಟುವಾಗ ಅಕ್ಷತೆ ಬಿದ್ದ ಸದ್ದು ಕೇಳಿಸಿತು. ತಿಪ್ಪಣ್ಣ ಮದುವೆಗೆ ಅಪಶಕುನ ಮಾಡಿದ ಎಂಬ ಮಾತು ಊಟದ ಪಂಕ್ತಿಯಲ್ಲೇ ಹುಟ್ಟಿತು. ಒಲೆಗೆ ಹಾಕಿದವರ ಹೆಸರನ್ನು ಯಾರೂ ಎತ್ತಲಿಲ್ಲ. ಆಮೇಲೆ ಅವರನ್ನು ಯಾವ ಮದುವೆಗೂ ಕರೆಯಲಿಲ್ಲ.

ಅಕ್ಟೋಬರಿನಲ್ಲಿ ಜಗಳೂರಿಗೆ ಹೋಗಿ ಅವರನ್ನು ಕಂಡೆ. ಮಗಳ ಮನೆಯಲ್ಲಿದ್ದರು, ತೀರಾ ಸೊರಗಿದ್ದರು. ಕಟ್ಟೆಯ ಮೇಲೆ ಕುಳಿತು ಗರಿ ಹೆರೆದು ಹೊಸ ಪೀಪಿ ಮಾಡುತ್ತಿದ್ದರು. ಬರೆದರೆ ಹೆಸರು ಮುಚ್ಚಬೇಡಿ ಎಂದರು. ನಾನು ಹೊರಡುವವರೆಗೂ ಬಾಯಿಯ ಬಲಗಡೆಯಿಂದ ಮಾತಾಡಿದರು.

ಡಿಸೆಂಬರಿನಲ್ಲಿ ತೀರಿಕೊಂಡರು. ಹೊನ್ನಾಳಿಯ ಮಂಡಿಯಲ್ಲಿ ಆ ಮದುವೆಯ ಫೋಟೋ ತೂಗುಹಾಕಿದ್ದಾರೆ. ಅದರಲ್ಲಿ ತಿಪ್ಪಣ್ಣ ಶಹನಾಯಿ ಊದುತ್ತಿದ್ದಾರೆ. ಶಹನಾಯಿ ಜಗಳೂರಿನಲ್ಲಿ ಮಗಳ ಬಳಿ ಇದೆ. ಹೊಸ ಪೀಪಿಗಳು ದಾರದಲ್ಲಿವೆ, ಒಣಗಿವೆ.