ಬೆಂಕಿಗೆ ಹಿಡಿಯದ ಹಲಗೆ

ಫ್ರಾನ್ಸಿನ ಲಿಯೋನ್ ನಗರದ ಬಾಡಿಗೆ ಮನೆಗೆ ಹೋದ ಮೊದಲ ಮಧ್ಯಾಹ್ನವೇ ಅಡುಗೆಮನೆಯ ತಾಟುಗಳು ತಾವೇ ಕುಣಿಯತೊಡಗಿದವು. ಭೂಕಂಪವೆಂದು ಮಗಳನ್ನೆತ್ತಿಕೊಂಡು ಮೆಟ್ಟಿಲಿಳಿದು ಓಡಿದೆ. ಬೀದಿಯಲ್ಲಿ ಯಾರಿಗೂ ಗಾಬರಿಯಿಲ್ಲ! ಮೇಲಿನ ಮನೆಯ ಲೂಕಾ ಎಂಬ ಡಿಜೆ ಅಭ್ಯಾಸ ಮಾಡುತ್ತಿದ್ದನಂತೆ. ಎದೆಯಲ್ಲಿ ಒನಕೆ ಕುಟ್ಟಿದಂತಹ ಸದ್ದು, ಉಸಿರಿಗೂ ಬಿಡುವಿಲ್ಲ.

ಲಕ್ಷ್ಮೇಶ್ವರದ ಹತ್ತಿರದ ನಮ್ಮೂರು ಮಾಗಡಿಯಲ್ಲಿ ನೆರೆಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು. ಇಲ್ಲಿ ಬಾಗಿಲಿಗೆ ಬಾಗಿಲು ತಾಗಿದ್ದರೂ ಮುಖಪರಿಚಯವಿಲ್ಲ. ‘ಬೊಂಜೂರ್’ ಎಂದು ನಮಸ್ಕಾರ ಹೇಳದೆ ಬ್ರೆಡ್ಡು ಕೇಳಿದ್ದಕ್ಕೆ ಅಂಗಡಿಯವಳಿಂದ ಬೈಸಿಕೊಂಡೆ. ಗಂಡ ಹೋಟೆಲಿನ ಅಡುಗೆಗೆ ಹೋದರೆ ಬರುವುದು ಮಲಗುವ ಹೊತ್ತಿಗೆ. ನಕ್ಕು ಮಾತಾಡಿಸಿದವನು ಲೂಕಾ ಒಬ್ಬನೇ. ನನ್ನ ಖಡಕ್ ರೊಟ್ಟಿ ಕಡಿಯುತ್ತ ನನ್ನ ಫ್ರೆಂಚ್ ತಿದ್ದುತ್ತಿದ್ದ.

ಆ ಸಲುಗೆಯಲ್ಲಿ, ಫೋನಿನಲ್ಲಿ ಹಿಡಿದಿಟ್ಟಿದ್ದ ಅಪ್ಪನ ಹಲಗೆಯ ಬಡಿತ ಕೇಳಿಸಿದೆ. ನಾವು ನದಾಫರು, ಹತ್ತಿ ಹಿಂಜುವ ಮುಸ್ಲಿಮರು, ಮನೆಮಾತು ಕನ್ನಡ. ಮೊಹರಂನ ಕೊನೆಯ ದಿನ, ಶೋಕದ ಮೆರವಣಿಗೆಯಲ್ಲಿ ದೇವರು ಹೊಳೆಗೆ ಹೋಗುವಾಗ ನಮ್ಮ ಓಣಿಯಲ್ಲಿ ಹಲಗೆಯ ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡುವುದಿಲ್ಲ. ಅತ್ತು ಗಂಟಲು ಕಟ್ಟಿದವರ ಹಾಗೆ ಅದು ಮಂದವಾಗಿ ನುಡಿಯಬೇಕು. ಬೇರೆ ದಿನ ಅಪ್ಪ ಆ ಬಡಿತ ಬಡಿದವನಲ್ಲ. ಈಗ ಅಪ್ಪನೇ ಇಲ್ಲ. ‘ಇದಕ್ಕೆ ಯಾರೂ ಕುಣಿಯಬಾರದು’ ಎಂದು ಹರಕುಮುರುಕು ಫ್ರೆಂಚಿನಲ್ಲಿ ತಿಳಿಸಿ ಹೇಳಿದೆ. ಲೂಕಾ ಕಣ್ಣೊರೆಸಿಕೊಂಡ. ಒಬ್ಬನೇ ಕೇಳಲು ಬೇಕೆಂದ. ‘ಪಾ ದ ಸೂಸಿ’ ಎಂದ, ಚಿಂತೆ ಬೇಡ ಎಂದರ್ಥ. ಕಳಿಸಿಕೊಟ್ಟೆ.

ಬೇಸಿಗೆಯಲ್ಲಿ ನದಿದಂಡೆಯ ಸಂಗೀತ ಹಬ್ಬಕ್ಕೆ ಅವನೇ ಕರೆದ. ಮೊದಲ ಪೆಟ್ಟಿಗೇ ಗುರುತು ಹತ್ತಿತು, ಅಪ್ಪನ ಕೈ! ಮಂದ ಸದ್ದನ್ನು ಯಂತ್ರದಲ್ಲಿ ಬಿಗಿದು, ವೇಗ ಏರಿಸಿ, ಕೆಳಗೆ ತನ್ನ ಒನಕೆ ಕುಟ್ಟಿಸಿದ್ದ. ಹಾಡಹಗಲಲ್ಲಿ ಜನ ಕೈಯೆತ್ತಿ ಜಿಗಿಯುತ್ತಿದ್ದರು. ನನ್ನ ಮಗಳೂ ಜಿಗಿಯುತ್ತಿದ್ದಳು. ಲೂಕಾ ವೇದಿಕೆಯಿಂದ ನನ್ನತ್ತ ಕೈಬೀಸಿ ನಕ್ಕ, ಉಡುಗೊರೆ ಕೊಟ್ಟವನ ಹಾಗೆ. ನಂಬಿಸಿ ಕುತ್ತಿಗೆ ಕೊಯ್ದಿದ್ದ. ಮಗಳ ಕೈ ಹಿಡಿದೆಳೆದುಕೊಂಡು ಮನೆಗೆ ನಡೆದೆ.

ಮರುದಿನ ಊರಿಗೆ ಫೋನು ಹಚ್ಚಿ ತಮ್ಮ ಹುಸೇನನ ಮುಂದೆ ಅತ್ತೆ. “ಅಪ್ಪನ ಬಡಿತ ಕದ್ದಾನಲೇ ಅಂವ!”

“ಅಳಬ್ಯಾಡ ಅಕ್ಕಾ. ನನಗ ಖಬರ ಐತಿ. ಮೊಬೈಲ್‌ದಾಗ ಬಂದು ತಿಂಗಳಾತು, ಭಾಳ ಜೋರ್ ಐತಿ. ಮೊನ್ನಿ ಲಕ್ಷ್ಮೇಶ್ವರದಾಗ ಮದಿವಿ ಮೆರವಣಿಗ್ಯಾಗ ಹಚ್ಚಿದ್ರು, ನಾನೂ ಕುಣದೆ.”

“ಅಪ್ಪನ ಹಲಗಿ ಅಂತ ಗೊತ್ತಾಗಲಿಲ್ಲೇನೋ?”

“ಗೊತ್ತಾತು. ಅದಕ್ಕ ಕುಣದೆ. ಈಗ ಹಲಗಿ ಬಡಿಯಾವ್ರು ಯಾರದಾರ ಇಲ್ಲಿ? ಈ ಸಲ ದೇವರು ಹೊಳಿಗೆ ಹೋಗುವಾಗೂ ಇದನ್ನ ಹಚ್ಚೂಣು ಅನ್ನಾಕತ್ತಾರ ಓಣ್ಯಾಗ.”

ಫೋನು ಇಟ್ಟೆ. ಮೇಲೆ ಹೋಗಿ ಲೂಕಾನ ಮುಖಕ್ಕೆ ಹೇಳಬೇಕೆಂದು ಬೆಳಗಿನಿಂದ ಒಂದು ಮಾತು ಜೋಡಿಸಿಕೊಂಡಿದ್ದೆ: ‘ನಮ್ಮೂರಲ್ಲಿ ಹೀಗೆ ಮಾಡುವುದಿಲ್ಲ.’ ಯಾರೂ ತಿದ್ದದೆ ನಾನೇ ಕಟ್ಟಿದ ಮೊದಲ ಫ್ರೆಂಚ್ ವಾಕ್ಯ, ಒಂದು ತಪ್ಪೂ ಇರಲಿಲ್ಲ. ಬಾಯಿ ಬಿಡುವ ಮೊದಲೇ ಅದು ಸುಳ್ಳಾಗಿತ್ತು.